ಕುಲುಮೆಯಲ್ಲಿ ಹಣಿದ ಕತ್ತಿಯ ಗುಣ ತಿಳಿಯುವುದು ಹೇಗೆ? ಮಲೆನಾಡಿನವರು ತಿಳಿಸಬೇಕು

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸಕ್ಕೆ ಕತ್ತಿ ಕೊಳ್ಳಲು ಪೇಟೆಗೆ ಹೋದರೆ ಅಂಗಡಿಗಳಲ್ಲಿ ಮಿರಮಿರ ಹೊಳೆಯುವ ಕತ್ತಿಗಳು ಸಾಲಾಗಿ ತೂಗುತ್ತಿರುತ್ತವೆ, ಬೆಲೆಯೂ ಕೈಗೆಟುಕುವಂತಿರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಸೊಪ್ಪು ಸವರಲು ಹೊರಟ ದಿನವೇ ಮಧ್ಯಾಹ್ನದ ಹೊತ್ತಿಗೆ ಬಾಯಿ (ಹರಿತವಾದ ಅಂಚು) ಕಳೆದುಕೊಳ್ಳುತ್ತವೆ, ಇಲ್ಲವೇ ಗಂಟಿರುವ ಕೊಂಬೆಗೆ ತಗುಲಿದ ಕೂಡಲೇ ಚಕ್ಕೆ ಎದ್ದುಹೋಗುತ್ತವೆ. ಮನೆಯಲ್ಲಿ ಅಜ್ಜನ ಕಾಲದ ಕತ್ತಿಗಳು, ಮರ ಕೆತ್ತುವ ಒಂದು ಕೈಬಾಚಿ, ಅಡಿಕೆ ಸುಲಿಯುವ ಒಂದು ಮೆಟ್ಟುಗತ್ತಿ ಉಳಿದಿವೆ. ತುಕ್ಕು ಹಿಡಿದಿದ್ದರೂ ಮಸೆದರೆ ಅವುಗಳ ಬಾಯಿ ಇವತ್ತಿಗೂ ನಿಲ್ಲುತ್ತದೆ. ಅವನ್ನು ಮಾಡಿಕೊಟ್ಟ ಕುಲುಮೆ ಮುಚ್ಚಿ ಎಷ್ಟೋ ವರ್ಷಗಳಾದವು.

ನಾನು ತಿಳಿಯಬೇಕೆಂದಿರುವುದು ಇಷ್ಟು. ಕೊಳ್ಳುವ ಮುಂಚೆಯೇ ಕತ್ತಿಯ ಗುಣವನ್ನು ಅರಿಯುವ ದಾರಿ ಯಾವುದು? ಕುಲುಮೆಯಲ್ಲಿ ಹಣಿದದ್ದು (ಕಾಯಿಸಿ ಬಡಿದು ಮಾಡಿದ್ದು) ಎಂಬ ಒಂದೇ ಕಾರಣಕ್ಕೆ ಅದನ್ನು ಮೇಲೆನ್ನಬಹುದೇ, ಅಥವಾ ಇದು ನಮ್ಮ ಅಭಿಮಾನ ಮಾತ್ರವೇ? ಹಳೆಯವನ್ನು ತಿಕ್ಕಿ ಬೆಳಗಿಸಿ ಗೋಡೆಗೆ ತೂಗುಹಾಕಬೇಕೇ, ಕೆಲಸಕ್ಕೆ ಇಳಿಸಬೇಕೇ? ಈ ಕೊನೆಯ ವಿಷಯಕ್ಕೆ ನಮ್ಮ ಮನೆಯಲ್ಲಿಯೇ ಎರಡು ಪಕ್ಷಗಳಾಗಿವೆ. ಬಲ್ಲವರು ವಿವರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ಹೊಸನಗರದ ಕೃಷಿಕ

ಮೊದಲು ಬೀಸಿ ನೋಡಿ, ಆಮೇಲೆ ಬೆಲೆ ಕೇಳಿ. ಅಗ್ಗದ ಕತ್ತಿಯನ್ನು ಒಂದೇ ದಪ್ಪದ ತಗಡಿನಿಂದ ಕತ್ತರಿಸಿ ತೆಗೆದಿರುತ್ತಾರೆ. ಹಿಡಿಯ ಬುಡದಲ್ಲಿ ಎಷ್ಟು ದಪ್ಪವೋ ಕೊಕ್ಕಿನ ತುದಿಯಲ್ಲಿಯೂ ಅಷ್ಟೇ. ಒಳ್ಳೆಯ ಕೈಯಲ್ಲಿ ಹಣಿದ ಕತ್ತಿಯ ಬೆನ್ನನ್ನು ಮೇಲಿನಿಂದ ನೋಡಿದರೆ ಅದು ಬುಡದಿಂದ ಕೊಕ್ಕಿನ ಕಡೆಗೆ ತೆಳ್ಳಗಾಗುತ್ತಾ ಹೋಗುವುದು ಕಾಣುತ್ತದೆ. ಆ ಇಳಿಕೆ ಇಲ್ಲದ ಕತ್ತಿಯಲ್ಲಿ ಸಂಜೆಯವರೆಗೆ ದರೆಯ (ತೋಟದಂಚಿನ ಮಣ್ಣಿನ ದಿಣ್ಣೆಯ) ಗಿಡಗಂಟಿ ಸವರಿದರೆ ಮಣಿಕಟ್ಟು ಸೋತುಹೋಗುತ್ತದೆ.

ಕುಲುಮೆಮನೆ (ಶಿಕಾರಿಪುರ)

ನಮ್ಮ ಮನೆಯಲ್ಲಿ ಕುಲುಮೆ ಇನ್ನೂ ನಡೆಯುತ್ತಿದೆ. ಚರ್ಮದ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದು ಹೆಚ್ಚು ಬದಲಾಗಿಲ್ಲ. ತುಂಗಾತೀರ ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕಾದರೆ ಕತ್ತಿ ಹುಟ್ಟುವ ಕ್ರಮವನ್ನು ಸ್ವಲ್ಪ ಹೇಳಲೇಬೇಕಾಗುತ್ತದೆ.

ಕತ್ತಿಗೆ ನಾವು ಬಳಸುವುದು ಹಳೆಯ ಲಾರಿಯ ಕಮಾನು ಪಟ್ಟಿಯನ್ನು (ಲೀಫ್ ಸ್ಪ್ರಿಂಗ್). ಅದನ್ನು ಕಡಿದು, ಕೆಂಡದಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ಒಬ್ಬರು ಇಕ್ಕುಳದಲ್ಲಿ ಹಿಡಿದು ಕೈಸುತ್ತಿಗೆಯಿಂದ ಜಾಗ ತೋರಿಸುತ್ತಾರೆ. ಎದುರಿಗೆ ನಿಂತವರು ದೊಡ್ಡ ಸುತ್ತಿಗೆಯಿಂದ ಅಲ್ಲಿಗೇ ಹೊಡೆಯುತ್ತಾರೆ. ಬಾಯಿಯ ಕಡೆ ಹೊಡೆದು ತೆಳ್ಳಗೆ ಮಾಡಿದಷ್ಟೂ ಆ ಅಂಚು ಉದ್ದವಾಗಿ, ಕತ್ತಿ ತಾನಾಗಿ ಬೆನ್ನಿನ ಕಡೆಗೆ ಬಾಗುತ್ತದೆ. ನಮ್ಮ ಕಡೆಯ ಕತ್ತಿಗೆ ಒಳಬಾಗಿದ ಕೊಕ್ಕು ಬೇಕು. ಆದ್ದರಿಂದ ಪಟ್ಟಿಯನ್ನು ಮೊದಲೇ ಅಗತ್ಯಕ್ಕಿಂತ ಹೆಚ್ಚು ಒಳಕ್ಕೆ ಬಗ್ಗಿಸಿಟ್ಟುಕೊಂಡು ಆಮೇಲೆ ಬಾಯಿ ತೆಗೆಯಬೇಕು. ಎಷ್ಟು ಬಗ್ಗಿಸಬೇಕೆಂಬುದಕ್ಕೆ ಅಳತೆಪಟ್ಟಿ ಇಲ್ಲ, ಅದು ಕಣ್ಣಿನ ಲೆಕ್ಕ.

ರೂಪ ಬಂದ ಮೇಲೆ ಹದ ಕೊಡುವ ಕೆಲಸ. ಕೆಂಪು ಕಿತ್ತಳೆಗೆ ತಿರುಗುವ ಹೊತ್ತಿಗೆ ಕತ್ತಿಯನ್ನು ಹೊರಗೆ ತೆಗೆದು ಬಾಯಿಯಷ್ಟನ್ನೇ ನೀರಿನಲ್ಲಿ ಅದ್ದಿ ಎತ್ತುತ್ತೇವೆ. ತಕ್ಷಣ ಬಾಯಿಯನ್ನು ಕಲ್ಲಿನ ಚೂರಿನಿಂದ ಉಜ್ಜಿ ಒಂದಿಷ್ಟು ಜಾಗವನ್ನು ಬೆಳ್ಳಗೆ ಮಾಡಿಕೊಳ್ಳುತ್ತೇವೆ. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಗೆ ಇಳಿಯುವಾಗ ಆ ಬೆಳ್ಳಗಿನ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಸಾಗಿಬರುತ್ತವೆ. ಸೊಪ್ಪು, ಕೊಂಬೆ ಕಡಿಯುವ ಕತ್ತಿಯಾದರೆ ಕಂದು ದಾಟಿ ನೇರಳೆ ಕಾಣುವಷ್ಟರಲ್ಲಿ ಪೂರ್ತಿ ತಣಿಸಬೇಕು. ಹಳದಿಯಲ್ಲಿಯೇ ನಿಲ್ಲಿಸಿದರೆ ಗಂಟಿಗೆ ಹೊಡೆದಾಗ ಚಕ್ಕೆ ಏಳುತ್ತದೆ. ನೀಲಿಯನ್ನು ದಾಟಿಸಿದರೆ ಬಾಯಿ ಮಡಚಿಕೊಳ್ಳುತ್ತದೆ. ಈ ಬಣ್ಣಗಳು ಓಡುವುದು ಕೆಲವೇ ಕ್ಷಣ. ಕುಲುಮೆಯ ಸೂರನ್ನು ತಗ್ಗಿಸಿ ಕಟ್ಟಿ ಒಳಗೆ ಮಬ್ಬು ಬೆಳಕು ಇಟ್ಟುಕೊಳ್ಳುವುದು ಕಾವಿನ ಬಣ್ಣ ಕಣ್ಣಿಗೆ ತಪ್ಪದಿರಲೆಂದೇ.

ಒಂದೇ ಕತ್ತಿಯಲ್ಲಿ ಬಾಯಿ ಗಟ್ಟಿ, ಬೆನ್ನು ಮೆತ್ತಗೆ ಇರುವುದು ಹೀಗೆ. ಬೆನ್ನು ಪೆಟ್ಟನ್ನು ತಾಳುತ್ತದೆ, ಬಾಯಿ ಹರಿತವನ್ನು ಹಿಡಿಯುತ್ತದೆ.

ಭದ್ರಾವತಿಯ ಲೋಹಶಾಸ್ತ್ರದ ಮೇಷ್ಟ್ರು

ಕುಲುಮೆಮನೆಯವರು ಬರೆದದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಹಾಗೆಯೇ ಓದಿ ಹೇಳಬೇಕೆನಿಸಿತು. ಅವರು ಬಣ್ಣದಲ್ಲಿ ಹೇಳಿದ್ದನ್ನು ನಾನು ಅಂಕಿಯಲ್ಲಿ ಹೇಳುತ್ತೇನೆ. ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಸುಮಾರು 0.5ರಿಂದ 0.6 ಶೇಕಡಾ ಇಂಗಾಲ ಇರುತ್ತದೆ, ಹದ ಹಿಡಿಯುವುದಕ್ಕೆ ಅಷ್ಟು ಸಾಕು. ಬೇಲಿಯ ಕಂಬಿ, ಕಟ್ಟಡದ ಸಾಮಾನ್ಯ ಸರಳುಗಳಲ್ಲಿ ಇಂಗಾಲ ಇನ್ನೂ ಕಡಿಮೆ ಇರುವುದರಿಂದ ಅವನ್ನು ಎಷ್ಟು ಸಲ ನೀರಿಗೆ ಅದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸುತನ ಬರುವುದಿಲ್ಲ. ಕಬ್ಬಿಣವು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, 820ರಿಂದ 850 ಡಿಗ್ರಿಯ ಆಸುಪಾಸಿನಲ್ಲಿ ತಣಿಸುವುದು ಈ ಉಕ್ಕಿಗೆ ಸರಿ. ಹದ ಇಳಿಸುವಾಗ ಕಾಣುವ ಹುಲ್ಲಿನ ಹಳದಿ ಸುಮಾರು 220, ಕಂದು 260, ನೇರಳೆ 280, ನೀಲಿ 300 ಡಿಗ್ರಿಯನ್ನು ಸೂಚಿಸುತ್ತವೆ.

ಆದರೆ ನಾನು ಒಂದು ವಿಷಯದಲ್ಲಿ ಇಲ್ಲಿನ ಧೋರಣೆಯನ್ನು ಒಪ್ಪುವುದಿಲ್ಲ. ಅಂಗಡಿಯ ಕತ್ತಿ ಕೆಟ್ಟದಾಗಿರುವುದು ಯಂತ್ರದಲ್ಲಿ ಮಾಡಿದ್ದರಿಂದಲ್ಲ; ಕಡಿಮೆ ಬೆಲೆಗೆ ಮಾರಬೇಕೆಂದು ಮೆತ್ತನೆಯ ತಗಡನ್ನು ಬಳಸಿ, ಹದ ಕೊಡುವ ಕೆಲಸವನ್ನು ಬಿಟ್ಟುಬಿಡುವುದರಿಂದ. ಒಳ್ಳೆಯ ಕಾರ್ಖಾನೆ ಕಾವನ್ನು ಕರಾರುವಾಕ್ಕಾಗಿ ಹಿಡಿದಿಟ್ಟುಕೊಂಡು ಸಾವಿರ ಕತ್ತಿಗಳಿಗೆ ಒಂದೇ ಹದ ಕೊಡಬಲ್ಲದು. ಕುಲುಮೆಯಲ್ಲಿ ಅನುಭವವಿಲ್ಲದವರ ಕೈಗೆ ಸಿಕ್ಕಿದ ಕತ್ತಿ ಕಾರ್ಖಾನೆಯದ್ದಕ್ಕಿಂತ ಕೀಳಾಗಿರುವುದೂ ಉಂಟು. ಕೈಯಿಂದ ಮಾಡಿದ್ದು ಎಂದಾಕ್ಷಣ ಕಣ್ಣು ಮುಚ್ಚಿ ಹೊಗಳಬಾರದು.

ಸಾಗರದ ಬಡಗಿ

ಮೇಷ್ಟ್ರೇ, ತಾವು ಹೇಳಿದ್ದು ಹದದ ಮಟ್ಟಿಗೆ ಸರಿ. ಆದರೆ ಕಾರ್ಖಾನೆಯವರು ನನ್ನನ್ನು ನೋಡಿ ಬಾಚಿ ಮಾಡುವುದಿಲ್ಲವಲ್ಲ. ನಾನು ಎಡಚ. ಬಾಚಿಗೂ ಅನೇಕ ಉಳಿಗಳಿಗೂ ಕೆಲವು ಕತ್ತಿಗಳಿಗೂ ಒಂದೇ ಕಡೆ ಇಳಿಜಾರು ತೆಗೆದು ಇನ್ನೊಂದು ಕಡೆಯನ್ನು ಚಪ್ಪಟೆಯಾಗಿ ಬಿಟ್ಟಿರುತ್ತಾರೆ. ಬಲಗೈಯವರಿಗೆಂದು ಇಳಿಜಾರು ತೆಗೆದ ಕತ್ತಿಯಲ್ಲಿ ನಾನು ಕೆತ್ತಿದರೆ ಅದು ಮರದೊಳಕ್ಕೆ ಕಚ್ಚಿಕೊಂಡು ಹೋಗುತ್ತದೆ, ಇಲ್ಲವೇ ಮೇಲಕ್ಕೆ ಜಾರುತ್ತದೆ. ನನ್ನ ಕೈಯನ್ನು ನೋಡಿ ಇಳಿಜಾರನ್ನು ತಿರುಗಿಸಿ, ನನ್ನ ಮುಷ್ಟಿಗೆ ತಕ್ಕ ಹಿಡಿ ಹಾಕಿಕೊಟ್ಟವರು ಊರಿನ ಕಮ್ಮಾರ ಆಚಾರರು. ಹೊಸ ಬಾಚಿಯನ್ನು ಒಯ್ದು ನಾಲ್ಕು ದಿನ ಕೆಲಸ ಮಾಡಿ, "ಬಾಗು ಇನ್ನಷ್ಟು ಒಳಕ್ಕೆ ಬೇಕು" ಎಂದು ಹೇಳಿದರೆ ಅವರು ಮತ್ತೆ ಕಾಯಿಸಿ ತಿದ್ದಿಕೊಡುತ್ತಾರೆ. ಅಂಗಡಿಯಲ್ಲಿ ಕೊಂಡದ್ದಕ್ಕೆ ಈ ಎರಡನೆಯ ಭೇಟಿ ಎಲ್ಲಿದೆ?

ನಮ್ಮ ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಅವರ ಚಾಪೆಯ ಮೇಲೆ ಸಾಲಾಗಿ ಹರಡಿರುವ ಉಳಿಗಳನ್ನು ನಿಂತು ನೋಡುವವರು ಕಡಿಮೆ. ಅಗಲ ಬಾಯಿಯದು, ಉಗುರಿನಷ್ಟು ಕಿರಿದಾದದ್ದು, ಮೊನಚು, ಅರ್ಧಚಂದ್ರ ಹೀಗೆ ಒಂದೊಂದು ಬಳುಕಿಗೂ ಒಂದೊಂದು ಉಳಿ ಇರುತ್ತದೆ. ಬಳ್ಳಿಯ ಒಳತಿರುವನ್ನು ತೆಗೆಯುವ ಉಳಿ ಹೂವಿನ ಎಸಳಿಗೆ ಆಗುವುದಿಲ್ಲ. ಕೆಲಸಗಾರ ಕೇಳಿದ ಬಾಗನ್ನು ತಿಳಿದು ಮಾಡಿಕೊಡುವವರಿದ್ದರೆ ಮಾತ್ರ ಆ ಕೆತ್ತನೆ ಉಳಿಯುತ್ತದೆ.

ಶೃಂಗೇರಿಯ ಗೃಹಿಣಿ

ಗಂಡಸರು ತೋಟದ ಕತ್ತಿಯಲ್ಲಿಯೇ ಮುಳುಗಿದ್ದೀರಿ, ಅಡುಗೆಮನೆಯ ಈಳಿಗೆ ಮಣೆಯನ್ನು ಯಾರೂ ನೆನೆಯಲಿಲ್ಲ. ದಿನಕ್ಕೆ ಮೂರು ಹೊತ್ತು ಬಳಕೆಯಾಗುವ ಅಲಗು ಅದೊಂದೇ. ನಮ್ಮ ಅತ್ತೆಯವರಿಂದ ಬಂದ ಮಣೆಯ ಅಲಗು ತುಕ್ಕು ಹಿಡಿಯದ ಸ್ಟೀಲಿನದ್ದಲ್ಲ, ಹಣಿದ ಕಬ್ಬಿಣದ್ದು. ಬಾಳೆಕಾಯಿ, ಬಾಳೆದಿಂಡು, ಮಾವಿನಕಾಯಿ ಹೆಚ್ಚಿ ಹೆಚ್ಚಿ ಅದಕ್ಕೆ ಬೂದುಗಪ್ಪು ಬಣ್ಣ ಕೂತಿದೆ. ನೋಡಿದವರು ಕೊಳೆ ಎಂದುಕೊಂಡು ತಿಕ್ಕಲು ಹೊರಡುತ್ತಾರೆ. ಅದನ್ನು ತಿಕ್ಕಿ ತೆಗೆದ ಮರುದಿನವೇ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ, ಹೆಚ್ಚಿದ ತರಕಾರಿಗೂ ಕಬ್ಬಿಣದ ವಾಸನೆ ಹತ್ತುತ್ತದೆ.

ಹಲಸಿನಕಾಯಿ ಹೆಚ್ಚುವ ಮುಂಚೆ ಅಲಗಿಗೂ ಅಂಗೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಆಗ ಮೇಣ ಅಂಟುವುದಿಲ್ಲ. ಅಂಟಿದ ಮೇಲೆ ಚಾಕುವಿನಿಂದ ಕೆರೆದರೆ ಅಲಗಿಗೆ ಗೀರು ಬೀಳುತ್ತದೆ. ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಭದ್ರಾವತಿಯ ಲೋಹಶಾಸ್ತ್ರದ ಮೇಷ್ಟ್ರು

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬಾಳೆಕಾಯಿ, ಮಾವಿನಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆ ಕಪ್ಪು ಪದರವನ್ನು ಕೊಡುತ್ತದೆ. ಅದು ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ದಯವಿಟ್ಟು ಯಾರೂ ತೆಗೆಯಬೇಡಿ.

ಶಿವಮೊಗ್ಗದ ಸಂಗ್ರಾಹಕ

ನಾನು ಹಳೆಯ ಅಲಗುಗಳನ್ನು ಸಂಗ್ರಹಿಸುತ್ತೇನೆ: ಅಡಕತ್ತರಿ, ಕತ್ತಿ, ಬಾಚಿ, ಕುಡುಗೋಲು ಎಲ್ಲವೂ ಇವೆ. ತುಂಗಾತೀರ ಅವರಿಗೆ ನನ್ನ ಸಲಹೆ ಏನೆಂದರೆ ಅವನ್ನು ಕೆಲಸಕ್ಕೆ ಇಳಿಸಬೇಡಿ. ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗ್ರೈಂಡರ್ ಮುಟ್ಟಿಸಲೇಬೇಡಿ. ನಮ್ಮ ಪಕ್ಕದ ಬೀದಿಯವರೊಬ್ಬರು ಅವರ ಮುತ್ತಜ್ಜನ ಕತ್ತಿಯನ್ನು ಹೊಳಪು ಕೊಡಿಸಲೆಂದು ವರ್ಕ್‌ಶಾಪೊಂದಕ್ಕೆ ಕೊಟ್ಟರು. ಅಲ್ಲಿ ಗ್ರೈಂಡರಿನ ಚಕ್ರಕ್ಕೆ ಒತ್ತಿ ಹಿಡಿದದ್ದರಿಂದ ಬಾಯಿಯ ಉದ್ದಕ್ಕೂ ನೀಲಿ ಕಲೆಗಳೆದ್ದವು, ಆಚಾರಿಯ ಸುತ್ತಿಗೆಯ ಗುರುತುಗಳೆಲ್ಲ ಅಳಿಸಿಹೋದವು. ಹದವೂ ಹೋಯಿತು, ಚರಿತ್ರೆಯೂ ಹೋಯಿತು.

ಸೀಮೆಎಣ್ಣೆಯಲ್ಲಿ ನೆನೆಸಿ, ಒರಟು ಬಟ್ಟೆಯಿಂದ ಸಡಿಲ ತುಕ್ಕನ್ನಷ್ಟೇ ಒರೆಸಿ ತೆಗೆದು, ತೆಳುವಾಗಿ ಎಣ್ಣೆ ಹಚ್ಚಿಡಿ. ಬೆನ್ನಿನ ಮೇಲೆ ಚಿಕ್ಕ ಗೀಟು, ಚುಕ್ಕಿ, ಚಂದ್ರದ ಗುರುತುಗಳಿದ್ದರೆ ಅವು ಮಾಡಿದವರ ಗುರುತುಗಳಾಗಿರಬಹುದು, ಅವನ್ನು ಉಳಿಸಿಕೊಳ್ಳಿ.

ಕೊಪ್ಪದ ಕೊನೆಗಾರ

ಗ್ರೈಂಡರಿನ ಮಾತು ಒಪ್ಪಿದೆ. ಆದರೆ ಕತ್ತಿಯನ್ನು ಗೋಡೆಗೆ ತೂಗುಹಾಕಿ ಅದನ್ನು ಮೆಚ್ಚಿದೆವು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನಾನು ಸೊಂಟದ ಕತ್ತಿಕೊಕ್ಕೆಯಲ್ಲಿ ಕತ್ತಿ ಸಿಕ್ಕಿಸಿಕೊಂಡು ಅಡಿಕೆ ಮರ ಹತ್ತುವವನು. ಮಳೆಗಾಲದ ನಡುವೆ ಔಷಧ ಹೊಡೆಯುವಾಗ, ಕೊಯ್ಲಿನಲ್ಲಿ ಕೊನೆ (ಅಡಿಕೆ ಗೊಂಚಲು) ಇಳಿಸುವಾಗ ನನ್ನ ಜೀವ ಆ ಅಲಗಿನ ಮೇಲಿರುತ್ತದೆ. ಮೊಂಡು ಕತ್ತಿಯಿಂದ ಗೊಂಚಲಿಗೆ ಎರಡು ಸಲ ಹೊಡೆಯಬೇಕಾಗಿ ಬಂದರೆ ಆ ಎರಡನೆಯ ಪೆಟ್ಟಿನಲ್ಲಿ ಕಾಲಿನ ಹಿಡಿತ ಸಡಿಲುತ್ತದೆ. ಒಂದೇ ಎಳೆತಕ್ಕೆ ತೊಟ್ಟು ಬಿಡಿಸುವ ಕತ್ತಿಯ ಬೆಲೆ ಮರದ ಮೇಲಿರುವವನಿಗೇ ಗೊತ್ತು. ಈಗ ಕಾರ್ಬನ್ ಫೈಬರಿನ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಆದರೂ ದೋಟಿಯ ತುದಿಗೆ ಕಟ್ಟುವ ಕತ್ತಿಯನ್ನು ನಾನು ಕುಲುಮೆಯಲ್ಲಿಯೇ ಮಾಡಿಸುತ್ತೇನೆ. ದೋಟಿಯ ಜೊತೆಗೆ ಬಂದ ಅಲಗು ಅಷ್ಟು ಎತ್ತರದಲ್ಲಿ ತೊಟ್ಟಿಗೆ ಸಿಕ್ಕಿಕೊಂಡು ಒದ್ದಾಡಿಸುತ್ತಿತ್ತು.

ಮಸೆಯುವುದಕ್ಕೆ ನಾನು ಉಪಯೋಗಿಸುವುದು ಮರದ ಪಟ್ಟಿಯನ್ನು. ಅದಕ್ಕೆ ಬೆಣಚುಕಲ್ಲಿನ ನುಣ್ಣನೆಯ ಪುಡಿ ಉದುರಿಸಿ ಬಾಯಿಯನ್ನು ಒಂದೇ ಓರೆಯಲ್ಲಿ ಎಳೆಯಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಬಾಯಿಯನ್ನು ಮೆಲ್ಲಗೆ ಇಟ್ಟಾಗ ಜಾರದೆ ನಿಂತರೆ ಸಾಕು, ಅಲ್ಲಿಗೆ ಮಸೆಯುವುದನ್ನು ನಿಲ್ಲಿಸಬೇಕು.

ಶಿವಮೊಗ್ಗದ ಸಂಗ್ರಾಹಕ

ತಾವು ದಿನವೂ ಬಳಸುವ ಕತ್ತಿಯನ್ನು ತೂಗುಹಾಕಿ ಎಂದು ನಾನು ಹೇಳಲಿಲ್ಲ. ಮಾಡುವವರು ಇಲ್ಲವಾದ ಮೇಲೆ ಉಳಿದ ಒಂದೆರಡನ್ನಾದರೂ ಮಾದರಿಗೆಂದು ಇಟ್ಟುಕೊಳ್ಳದಿದ್ದರೆ ಮುಂದಿನವರು ಯಾವುದನ್ನು ನೋಡಿ ಮಾಡಬೇಕು?

ಕುಲುಮೆಮನೆ (ಶಿಕಾರಿಪುರ)

ಮಾದರಿ ಬೇಕು, ನಿಜ. ನಮ್ಮಲ್ಲಿಗೂ ಜನ ಹಳೆಯ ಕತ್ತಿಯನ್ನು ತಂದು "ಇದೇ ತರಹದ್ದು" ಎಂದು ಕೇಳುತ್ತಾರೆ, ಬೂದಿಯ ಮೇಲೆ ಅದರ ರೂಪವನ್ನು ಗೀಚಿಕೊಂಡು ಮಾಡುತ್ತೇವೆ. ಆದರೆ ಮಾದರಿ ಒಂದೇ ಇದ್ದರೆ ಸಾಲದು, ಕೆಲಸವೂ ಬರಬೇಕು. ಹಿಂದೆ ಊರಿನ ರೈತರು ವರ್ಷಕ್ಕಿಷ್ಟು ಭತ್ತವನ್ನು ಆಯವಾಗಿ ಅಳೆದುಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ನೇಗಿಲ ಕುಳ ಹಣಿಯುವುದು, ಕತ್ತಿಗೆ ಬಾಯಿ ತೆಗೆಯುವುದು, ಗುದ್ದಲಿಗೆ ತುದಿ ಕಟ್ಟುವುದು ಎಲ್ಲವೂ ನಡೆಯುತ್ತಿತ್ತು. ಟಿಲ್ಲರ್, ಟ್ರ್ಯಾಕ್ಟರ್ ಬಂದ ಮೇಲೆ ಕುಳದ ಕೆಲಸ ನಿಂತಿತು, ಅದರೊಂದಿಗೆ ಆಯವೂ ನಿಂತಿತು. ಕುಲುಮೆಗಳು ಮುಚ್ಚಿದ್ದಕ್ಕೆ ಅಗ್ಗದ ಕತ್ತಿಗಿಂತ ದೊಡ್ಡ ಕಾರಣ ಇದು. ಹೊಸ ಕತ್ತಿ ವರ್ಷಕ್ಕೊಮ್ಮೆ ಮಾರಾಟವಾಗಬಹುದು, ಆದರೆ ಒಲೆ ದಿನವೂ ಉರಿಯುವುದು ರಿಪೇರಿಯಿಂದ.

ಇನ್ನೊಂದು ತೊಂದರೆ ಇದ್ದಿಲಿನದ್ದು. ಕಾಡಿನ ಮರದ ಇದ್ದಿಲು ಈಗ ಸಿಗುವುದಿಲ್ಲ, ಸಿಗಬಾರದು ಕೂಡ. ನಾವು ತೆಂಗಿನ ಕರಟದ ಇದ್ದಿಲನ್ನು ಬಳಸುತ್ತೇವೆ. ಕಾವು ಚೆನ್ನಾಗಿ ಏರುತ್ತದೆ, ಹೊಗೆ ಕಡಿಮೆ, ಆದರೆ ಬೇಗ ಮುಗಿಯುತ್ತದೆ, ಬೆಲೆಯೂ ಜಾಸ್ತಿ.

ರಿಪ್ಪನ್‌ಪೇಟೆಯವಳು (ಈಗ ಬೆಂಗಳೂರು)

ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರೂ ಸೇರಿದ್ದಾರೆ ಅಲ್ಲವೇ? 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಆ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಯ ಜೊತೆಗೆ ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಸಿಗುತ್ತದೆ.

ಕುಲುಮೆಮನೆ (ಶಿಕಾರಿಪುರ)

ಸೇರಿದ್ದಾರೆ, ನನ್ನ ತಮ್ಮ ಅರ್ಜಿ ಹಾಕಿದ್ದಾನೆ. ಸಲಕರಣೆ ಬಂದರೆ ಅನುಕೂಲವೇ. ಆದರೂ ಎದುರು ನಿಂತು ಸುತ್ತಿಗೆ ಹೊಡೆಯುವ ಹುಡುಗರು ಸಿಗುತ್ತಿಲ್ಲ. ಆದ್ದರಿಂದ ನಾವು ಪವರ್ ಹ್ಯಾಮರ್ ಕೂರಿಸುವ ಯೋಚನೆಯಲ್ಲಿದ್ದೇವೆ. ಒರಟು ಕೆಲಸ ಯಂತ್ರದ್ದು, ಬಾಯಿ ತೆಗೆಯುವುದೂ ಹದವೂ ಕೈಯದು. ಇದನ್ನು ಕೈಕೆಲಸ ಅಲ್ಲ ಎನ್ನುವವರು ಒಂದು ದಿನ ಬಂದು ದೊಡ್ಡ ಸುತ್ತಿಗೆ ಹೊಡೆದು ನೋಡಲಿ.

ನಾಗರಕೊಡಿಗೆಯ ಯುವಕ

ನಮ್ಮ ಹಳೆಯ ಕತ್ತಿಗಳೆಲ್ಲ ಪಶ್ಚಿಮ ಏಷ್ಯಾದ ಆ ಪ್ರಸಿದ್ಧ ಡಮಾಸ್ಕಸ್ ಖಡ್ಗದ ಉಕ್ಕಿನಿಂದಲೇ ಮಾಡಿದವು ಎಂದು ವಿಡಿಯೊಂದರಲ್ಲಿ ನೋಡಿದೆ. ಅಂತಹ ಅಲೆಅಲೆಯ ವಿನ್ಯಾಸವಿರುವ ಚಾಕುಗಳು ಈಗ ಆನ್‌ಲೈನಿನಲ್ಲಿಯೂ ಸಿಗುತ್ತವೆ. ಅವು ಕೊಳ್ಳಲು ಯೋಗ್ಯವೇ?

ಸೊರಬದ ಇತಿಹಾಸದ ಮೇಷ್ಟ್ರು

ಇಲ್ಲಿ ಎರಡು ಮೂರು ವಿಷಯಗಳು ಕಲಸಿಹೋಗಿವೆ, ಬಿಡಿಸಿ ಹೇಳುತ್ತೇನೆ. ನಮ್ಮ ಸೀಮೆಗೆ ಕಬ್ಬಿಣ ಬಹಳ ಹಳೆಯದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ, ಅಂದರೆ ನಮ್ಮ ನೆರೆಯ ಹಾವೇರಿ ಜಿಲ್ಲೆಯಲ್ಲಿ, 1965ರಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಬಾಣದ ಮೊನೆಗಳು ಸುಮಾರು ಮೂರು ಸಾವಿರ ವರ್ಷಗಳಷ್ಟು ಹಿಂದಿನವು. ಸೊರಬ, ಶಿಕಾರಿಪುರ ತಾಲ್ಲೂಕುಗಳ ಊರೂರಿನ ವೀರಗಲ್ಲುಗಳನ್ನು ನೋಡಿ. ತುರುಗೋಳಿನಲ್ಲಿ (ದನಗಳಿಗಾಗಿ ನಡೆದ ಕಾಳಗದಲ್ಲಿ) ಮಡಿದ ವೀರನ ಕೈಯಲ್ಲಿರುವ ಖಡ್ಗದ ಅಗಲ, ಹಿಡಿಯ ಕಟ್ಟು, ಸೊಂಟದ ಕಠಾರಿಯ ಬಾಗು ಇವನ್ನು ಶಿಲ್ಪಿ ಬಿಡದೆ ತೋರಿಸಿರುತ್ತಾನೆ. ಬಳ್ಳಿಗಾವಿಗೆ ಹೋದವರು ದೇವಾಲಯ ನೋಡಿ ಹಿಂತಿರುಗಬೇಡಿ, ಈ ಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಇನ್ನು ಉಕ್ಕಿನ ಮಾತು. ಕಬ್ಬಿಣವನ್ನು ಕಟ್ಟಿಗೆ, ಎಲೆಗಳ ಜೊತೆಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಬಹಳ ಹೊತ್ತು ಕಾಯಿಸಿ ನಿಧಾನವಾಗಿ ಆರಿಸಿದರೆ ಸಿಗುತ್ತಿದ್ದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದಿಂದ ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿದ್ದದ್ದು ನಿಜ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂತಹ ಮೂಸೆಗಳ ಅವಶೇಷಗಳು ದೊರೆತಿವೆ. ಆದರೆ ಅದು ದುಬಾರಿ ಉಕ್ಕು, ಸೊಪ್ಪು ಕಡಿಯುವ ಕತ್ತಿಗೆ ಅದನ್ನು ಸುರಿಯುವವರು ಯಾರು? ಊರಿನ ಕತ್ತಿಯ ಮೈಯೆಲ್ಲ ಮೆತ್ತನೆಯ ಕಬ್ಬಿಣ, ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕು. ಬಾಯಿ ಸವೆದಾಗ ಮತ್ತೆ ಉಕ್ಕು ಹಾಕಿಸಿಕೊಳ್ಳುತ್ತಿದ್ದರು. ಈ ಮಿತವ್ಯಯದಲ್ಲಿಯೇ ನನಗೆ ನಮ್ಮವರ ಜಾಣತನ ಕಾಣುತ್ತದೆ, ಇಲ್ಲದ ಡಮಾಸ್ಕಸ್ ಹೆಸರನ್ನು ಅಂಟಿಸುವ ಅಗತ್ಯವಿಲ್ಲ.

ಈಗ ಆ ಹೆಸರಿನಲ್ಲಿ ಮಾರುವ ಚಾಕುಗಳಲ್ಲಿ ಹೆಚ್ಚಿನವು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಮಡಚಿ, ಆಮ್ಲದಲ್ಲಿ ಅದ್ದಿದವು. ಕೆಲವಂತೂ ಮೇಲ್ಮೈಗೆ ಮಾತ್ರ ಚಿತ್ರ ಬಿಡಿಸಿದವು.

ಭದ್ರಾವತಿಯ ಲೋಹಶಾಸ್ತ್ರದ ಮೇಷ್ಟ್ರು

ಬಾಯಿಗೆ ಉಕ್ಕು ಹಾಕಿದ್ದಾರೆಯೇ ಎಂದು ಪರೀಕ್ಷಿಸುವುದೂ ಸುಲಭ. ಹಳೆಯ ಕತ್ತಿಯ ಒಂದು ಮೂಲೆಯನ್ನು ನುಣ್ಣನೆಯ ಮರಳುಕಾಗದದಿಂದ ಉಜ್ಜಿ ನಿಂಬೆರಸ ಹಚ್ಚಿ ಬಿಡಿ. ಉಕ್ಕು ಹಾಕಿದ್ದರೆ ಬಾಯಿಯ ಕಡೆ ಒಂದು ಬಣ್ಣ, ಮೈಯ ಕಡೆ ಇನ್ನೊಂದು ಬಣ್ಣ ತೋರಿ, ನಡುವೆ ಬೆಸುಗೆಯ ಗೆರೆ ಎದ್ದುಬರುತ್ತದೆ. ಆಮೇಲೆ ತೊಳೆದು ಒರೆಸಿ ಎಣ್ಣೆ ಹಚ್ಚಿ. ಹೊಸ ಕತ್ತಿಗಾದರೆ ಲೋಹ ಉಜ್ಜುವ ಅರ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯವರ ಒಪ್ಪಿಗೆ ಪಡೆದು ಬಾಯಿಯ ಬುಡದಲ್ಲಿ ಮೆಲ್ಲಗೆ ಎಳೆಯಿರಿ. ಸುಲಭವಾಗಿ ಕಚ್ಚಿ ಪುಡಿ ಉದುರಿದರೆ ಹದವಿಲ್ಲ. ಪೂರ್ತಿ ಜಾರಿದರೆ ಅತಿ ಗಡಸು, ಗಂಟಿಗೆ ಹೊಡೆದರೆ ಮುರಿಯುವ ಭಯ ಉಂಟು. ಕಷ್ಟಪಟ್ಟು ಕಚ್ಚುವುದು ಬೇಕಾದ ಹದ.

ಮಾತು ಕಬ್ಬಿಣಕ್ಕೆ ಬಂದದ್ದರಿಂದ ನಮ್ಮೂರಿನ ವಿಷಯ ಹೇಳದಿರಲಾರೆ. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ, ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲಿನಲ್ಲಿರುವ ಗಂಧಕ ಇದ್ದಿಲಿನಲ್ಲಿ ಅಷ್ಟಾಗಿ ಇಲ್ಲದ್ದರಿಂದ ಆ ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು.

ಹೊಸನಗರದ ಕೃಷಿಕ

ಹೆಸರಿನ ಜೊತೆಗೆ ನಮ್ಮ ಕಾಡೂ ಹೋಯಿತಲ್ಲ, ಮೇಷ್ಟ್ರೇ. ಅದನ್ನೂ ಸೇರಿಸಿ ಬರೆಯಬೇಕು.

ಭದ್ರಾವತಿಯ ಲೋಹಶಾಸ್ತ್ರದ ಮೇಷ್ಟ್ರು

ಖಂಡಿತ ಬರೆಯಬೇಕು, ತಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಈ ಚರ್ಚೆ ಕತ್ತಿಯ ಮೇಲೆಯೇ ಉಳಿಯಲಿ.

ಕೊಡಗಿನ ಗೆಳೆಯ (ಮಡಿಕೇರಿ)

ಘಟ್ಟದ ಈ ತುದಿಯಿಂದ ಒಂದು ಮಾತು. ನಮ್ಮಲ್ಲಿ ಪೀಚೆಕತ್ತಿ ಎಂಬ ಚಿಕ್ಕ ಬಾಕುವನ್ನು ಮುಂದುಗಡೆ ಚೇಲೆಗೆ (ಸೊಂಟವಸ್ತ್ರಕ್ಕೆ) ಸಿಕ್ಕಿಸಿಕೊಳ್ಳುತ್ತೇವೆ, ಅಗಲ ಬಾಯಿಯ ಒಡಿಕತ್ತಿಯನ್ನು ಬೆನ್ನ ಹಿಂದೆ ತೊಡಂಗ ಎಂಬ ಲೋಹದ ಕೊಕ್ಕೆಯಲ್ಲಿ ಇಟ್ಟುಕೊಳ್ಳುತ್ತೇವೆ. ಮದುವೆಯಲ್ಲಿ ಬಾಳೆಯ ದಿಂಡನ್ನು ಒಡಿಕತ್ತಿಯ ಒಂದೇ ಪೆಟ್ಟಿಗೆ ಕಡಿಯುವ ಗೌರವ ಇವತ್ತಿಗೂ ಇದೆ. ಗೋಡೆಗೋ ಕೆಲಸಕ್ಕೋ ಎಂದು ತಾವು ವಾದಿಸುತ್ತಿದ್ದೀರಿ. ನಮ್ಮಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧವನ್ನೂ ನೇಗಿಲನ್ನೂ ಒಟ್ಟಿಗೆ ಇಟ್ಟು ಪೂಜಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ ಒರೆಯಿಂದ ಹೊರಗೆ ತೆಗೆದು ಒರೆಸಿ ಎಣ್ಣೆ ಹಚ್ಚುವ ಕಟ್ಟಳೆಯಿಂದಾಗಿ ಅಲಗುಗಳು ಉಳಿದಿವೆ.

ಶೃಂಗೇರಿಯ ಗೃಹಿಣಿ

ನಮ್ಮಲ್ಲಿಯೂ ಆಯುಧಪೂಜೆಗೆ ಈಳಿಗೆ ಮಣೆಯಿಂದ ಹಿಡಿದು ಹಾರೆಯವರೆಗೆ ಎಲ್ಲವೂ ತೊಳೆದು ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಆದರೆ ಪೂಜೆ ಮುಗಿದ ಮೇಲೆ ಒದ್ದೆಯಾಗಿಯೇ ಬಿಡುವವರಿದ್ದಾರೆ, ಅದು ಸರಿಯಲ್ಲ. ಒಣಗಿಸಿ ಎಣ್ಣೆ ಸವರಬೇಕು.

ಶಿವಮೊಗ್ಗದ ವಕೀಲ

ಕತ್ತಿ ಕೊಂಡು ಬಸ್ಸಿನಲ್ಲಿ ಒಯ್ಯುವವರು ಕಾನೂನಿನ ಬಗ್ಗೆ ಕೇಳುತ್ತಿರುತ್ತಾರೆ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗುಗಳನ್ನು ಆಯುಧದ ವರ್ಗಕ್ಕೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ರೂಪಿಸಿದ ಉಪಕರಣಗಳು ಇದರಿಂದ ಹೊರಗಿವೆ. ಕತ್ತಿ ಬೇಸಾಯದ ಉಪಕರಣವೇ ಸರಿ. ಆದರೂ ಪ್ರಯಾಣದಲ್ಲಿ ಬಾಯಿಗೆ ಗೋಣಿತಾಟು ಸುತ್ತಿ ಕಟ್ಟಿ ಒಯ್ಯುವುದು ಲೇಸು. ಗೋಡೆಗೆ ತೂಗುಹಾಕುವ ಖಡ್ಗದ ವಿಷಯ ಬೇರೆ, ಅದನ್ನು ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿಚಾರಿಸಿಯೇ ಇಟ್ಟುಕೊಳ್ಳಿ.

ತುಂಗಾತೀರ (ತೀರ್ಥಹಳ್ಳಿ)

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಮೆಟ್ಟುಗತ್ತಿಯ ಬಗ್ಗೆ ಯಾರೂ ಬರೆಯಲಿಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಅದನ್ನು ಮೂಲೆಗೆ ಸೇರಿಸಿದವರೇ ಹೆಚ್ಚು.

ಕೊಪ್ಪದ ಕೊನೆಗಾರ

ನಾನು ಬರೆಯುತ್ತೇನೆ. ನನ್ನ ತಾಯಿ ಡಬ್ಬಕ್ಕಿಷ್ಟು ಕೂಲಿ ಎಂಬ ಲೆಕ್ಕದಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದವರು. ಮಣೆಯ ಮೇಲೆ ಕೂತು, ನೆಟ್ಟಗೆ ನಿಂತ ಅಲಗಿಗೆ ಕಾಯಿಯನ್ನು ಒತ್ತಿ ತಿರುವಿದರೆ ಸಿಪ್ಪೆ ಬಿಚ್ಚಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ಮೆಟ್ಟುಗತ್ತಿಗೆ ಅತಿ ಹರಿತ ಇರಬಾರದೆಂಬುದು ಇದಕ್ಕಾಗಿಯೇ. ಅತಿ ಹರಿತವಾದರೆ ಅಡಿಕೆ ಕೊಯ್ದುಹೋಗುತ್ತದೆ, ಮೊಂಡಾದರೆ ಅಂಗೈ ನೋಯುತ್ತದೆ. ಹೊಸ ಮೆಟ್ಟುಗತ್ತಿಯನ್ನು ಮನೆಗೆ ತಂದ ದಿನ ತಾಯಿ ಅದರ ಬಾಯಿಯನ್ನು ಕಲ್ಲಿನ ಮೇಲೆ ಒಂದೆರಡು ಸಲ ಅಡ್ಡಡ್ಡ ಎಳೆದು ಹರಿತವನ್ನು ತಗ್ಗಿಸಿಯೇ ಕೂರುತ್ತಿದ್ದರು. ಯಂತ್ರದಲ್ಲಿ ಸುಲಿದ ಅಡಿಕೆಯಲ್ಲಿ ಗಾಯಗೊಂಡದ್ದನ್ನು ಬೇರೆ ಮಾಡಿ ನೋಡಿ, ಆಗ ಆ ಕೈಗಳು ಏನು ಮಾಡುತ್ತಿದ್ದವೆಂದು ಅರಿವಾಗುತ್ತದೆ. ನನಗೆ ತಿಳಿದಂತೆ ಅಲಗಿನ ಗುಣವೆಂದರೆ ಹರಿತವೊಂದೇ ಅಲ್ಲ, ಯಾವ ಕೆಲಸಕ್ಕೆ ಎಷ್ಟು ಹರಿತ ಎಂಬ ತಿಳಿವಳಿಕೆ.

ಸಾಗರದ ಬಡಗಿ

ಈ ಮಾತನ್ನು ಬರೆದಿಟ್ಟುಕೊಳ್ಳಬೇಕು, ಮಾರಾಯರೇ.

ರಿಪ್ಪನ್‌ಪೇಟೆಯವಳು (ಈಗ ಬೆಂಗಳೂರು)

ನನ್ನದೊಂದು ಸಣ್ಣ ಪ್ರಶ್ನೆ. ಊರಿನಿಂದ ತಂದ ಚಿಕ್ಕ ಕುಡುಗೋಲಿನ ಹಿಡಿ ಸಡಿಲವಾಗಿದೆ. ಇಲ್ಲಿನ ಅಂಗಡಿಯವರು ಎಪಾಕ್ಸಿ ಅಂಟು ತುಂಬಿ ಎನ್ನುತ್ತಾರೆ, ಅಮ್ಮ ಬೇಡ ಎನ್ನುತ್ತಾರೆ. ಯಾವುದು ಸರಿ?

ಸಾಗರದ ಬಡಗಿ

ಅಮ್ಮನ ಮಾತು ಕೇಳಿ. ಎಪಾಕ್ಸಿ ಹಾಕಿದರೆ ಮುಂದೆ ಹಿಡಿಯನ್ನು ಒಡೆಯದೆ ಅಲಗನ್ನು ಬಿಡಿಸುವುದು ಕಷ್ಟ, ಆಗ ಹಣಿಸುವುದಕ್ಕೂ ಕೊಡಲಾಗುವುದಿಲ್ಲ. ಹಿಂದಿನವರು ಅರಗು ತುಂಬುತ್ತಿದ್ದರು: ಹಿಡಿಯ ತೂತಿಗೆ ಅರಗಿನ ಪುಡಿ ಹಾಕಿ, ಹಿಡಿಯೊಳಗೆ ಸೇರುವ ಅಲಗಿನ ಬಾಲವನ್ನು ಮಾತ್ರ ಕಾಯಿಸಿ ಒತ್ತಿದರೆ ಕರಗಿ ಹಿಡಿದುಕೊಳ್ಳುತ್ತದೆ, ಮತ್ತೆ ಬೇಕೆಂದಾಗ ಬಿಸಿ ಮಾಡಿ ಬಿಡಿಸಬಹುದು. ಬಾಲ ಕಾಯಿಸುವಾಗ ಬಾಯಿಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲವಾದರೆ ಹದ ಇಳಿಯುತ್ತದೆ. ಹಿಡಿಯೇ ಸೀಳಿದ್ದರೆ ತಡಸಲು ಮರದ್ದನ್ನು ಹಾಕಿಸಿ. ಪೆಟ್ಟಿಗೆ ಬಳುಕುತ್ತದೆ, ಬೇಗ ಸೀಳುವುದಿಲ್ಲ. ಕೊಡಲಿಯ ಹಿಡಿಗೂ ನಮ್ಮಲ್ಲಿ ಅದನ್ನೇ ಹುಡುಕುತ್ತಾರೆ.

ಕುಲುಮೆಮನೆ (ಶಿಕಾರಿಪುರ)

ಊರಿಗೆ ಬಂದಾಗ ನಮ್ಮಲ್ಲಿಗೇ ತನ್ನಿ ತಂಗಿ, ಹಿಡಿ ಹಾಕಿ ಹಲ್ಲನ್ನೂ ಹೊಸದಾಗಿ ಕಡಿದುಕೊಡುತ್ತೇವೆ. ಹಳೆಯ ಹಿಡಿಯನ್ನು ಬಿಸಾಡಬೇಡಿ, ಅಳತೆಗೆ ಬೇಕಾಗುತ್ತದೆ. ಅಮಾವಾಸ್ಯೆಯ ದಿನ ಮಾತ್ರ ಬರಬೇಡಿ, ಅವತ್ತು ಕುಲುಮೆ ಹೊತ್ತಿಸುವುದಿಲ್ಲ.